ಕೈ ಲಿವರಿನ ಎಸ್ಪ್ರೆಸೊ ಯಂತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಿಲಾನಿನ ಅಕಿಲೆ ಗಾಜಿಯಾ 1940ರ ದಶಕದ ಕೊನೆಯಲ್ಲಿ ಕಾಫಿ ಯಂತ್ರಕ್ಕೆ ಪಿಸ್ಟನ್, ಸ್ಪ್ರಿಂಗ್, ಲಿವರ್ ಜೋಡಿಸಿದ ಮೇಲೆಯೇ ಎಸ್ಪ್ರೆಸೊ ಮೇಲೆ ನಾವು ಇಂದು ಕಾಣುವ ಹೊಂಬಣ್ಣದ ಕೆನೆ ಮೂಡಿದ್ದು. 1961ರಲ್ಲಿ ಲಾ ಪಾವೋನಿ ಕಂಪನಿಯ ಯೂರೋಪಿಕೋಲಾ ಬಂದು ಲಿವರ್ ಮನೆಯ ಅಡುಗೆಕಟ್ಟೆಗೂ ಏರಿತು. ಈ ಸಲ ಬಂದ ಪತ್ರಗಳಲ್ಲಿ ಮೂರು ಬಗೆಯ ಯಂತ್ರಗಳ ಮಾತಿದೆ: ಬಾಯ್ಲರ್ ಇದ್ದು ಕೈಯಿಂದಲೇ ಒತ್ತುವಂಥವು, ಬಾಯ್ಲರ್ ಜೊತೆಗೆ ಸ್ಪ್ರಿಂಗ್ ಇರುವಂಥವು, ಬಾಯ್ಲರೇ ಇಲ್ಲದೆ ಕೆಟಲಿನಿಂದ ಬಿಸಿನೀರು ಸುರಿಯುವಂಥವು.

ಮೂರಕ್ಕೂ ಒಂದು ಮಾತು ಅನ್ವಯಿಸುತ್ತದೆ. ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ನೀರು ಎಲ್ಲಿಂದ ಸೋರುತ್ತಿದೆ, ಯಾವ ಹೊತ್ತಿನಲ್ಲಿ ಸೋರುತ್ತಿದೆ, ಲಿವರ್ ಕೈಗೆ ಎಷ್ಟು ಬಿಗಿ ಕೊಡುತ್ತಿದೆ ಎಂದು ನೋಡಿ. ನಮಗೆ ಬಂದ ದೂರುಗಳಲ್ಲಿ ಹೆಚ್ಚಿನವಕ್ಕೆ ಅಷ್ಟರಲ್ಲೇ ಕಾರಣ ಸಿಗುತ್ತದೆ. ಬೇಕಾದ ಬಿಡಿಭಾಗವೂ ಹೆಚ್ಚಾಗಿ ಒಂದು ರಬ್ಬರ್ ಉಂಗುರವಷ್ಟೇ ಆಗಿರುತ್ತದೆ.

ಪ್ರಶ್ನೆ: ನಮ್ಮಲ್ಲಿ ಹಳೆಯ ಯೂರೋಪಿಕೋಲಾ ಇದೆ. ಬಿಸಿಯಾದ ಮೇಲೆ ಲಿವರ್ ಕೆಳಗೇ ಇದ್ದರೂ ಕಾಫಿ ಇಳಿಯುವ ಬಾಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ರಿಪೇರಿಯವರು ಬಾಯ್ಲರ್ ಹೋಗಿದೆ ಎನ್ನುತ್ತಾರೆ. ನಿಜವೇ? (ಮೈಸೂರು)

ಉತ್ತರ: ಬಾಯ್ಲರಿನ ಮೇಲೆ ತಪ್ಪು ಹೊರಿಸಬೇಡಿ. ಲಿವರ್ ಕೆಳಗಿರುವಾಗ ಬಾಯ್ಲರಿನ ಒತ್ತಡವನ್ನು ತಡೆದು ನಿಲ್ಲಿಸುವುದು ಪಿಸ್ಟನ್ನಿನ ಸುತ್ತ ಕೂತ ಎರಡು ರಬ್ಬರ್ ಸೀಲುಗಳು. ಅವು ಬಿಸಿಗೆ ಗಟ್ಟಿಯಾಗಿ, ಅಂಚು ಸವೆದಾಗ ನೀರು ಪಿಸ್ಟನ್ನನ್ನು ದಾಟಿ, ಪುಡಿಯ ಮೇಲೆ ನೀರು ಹರಡುವ ಜರಡಿಯಿಂದ ಇಳಿಯುತ್ತದೆ. ದಿನವೂ ಬಳಸುವ ಮನೆಯಲ್ಲಿ ಒಂದೆರಡು ವರ್ಷಕ್ಕೆ ಈ ಸೀಲುಗಳು ಬದಲಾವಣೆ ಕೇಳುವುದು ಸಹಜ.

ಸೋರುವ ಜಾಗವನ್ನು ಇನ್ನಷ್ಟು ಖಚಿತ ಮಾಡಿಕೊಳ್ಳಿ. ನೀರು ಜರಡಿಯಿಂದ ಬಂದರೆ ಪಿಸ್ಟನ್ ಸೀಲು. ಗ್ರೂಪಿನ (ಪಿಸ್ಟನ್ ಇರುವ, ಕಾಫಿ ಇಳಿಯುವ ತಲೆಭಾಗ) ನೆತ್ತಿಯಲ್ಲಿ, ಪಿಸ್ಟನ್ನಿನ ಸರಳು ಹೊರಬರುವ ಕಡೆ ಹನಿ ಅಥವಾ ಹಬೆ ಕಂಡರೆ ಸರಳಿನ ಸುತ್ತಲಿನ ಸೀಲು, ಕೆಲವೊಮ್ಮೆ ಪಿಸ್ಟನ್ನಿನ ಮೇಲಿನ ಸೀಲು. ಕಾಫಿ ಇಳಿಸುವಾಗ ಮಾತ್ರ ಪೋರ್ಟಾಫಿಲ್ಟರಿನ (ಪುಡಿ ತುಂಬಿ ಗ್ರೂಪಿಗೆ ಸಿಕ್ಕಿಸುವ, ಹಿಡಿಯಿರುವ ಬಟ್ಟಲು) ಅಂಚಿನಿಂದ ಚಿಮ್ಮಿದರೆ ಗ್ರೂಪಿನ ದಪ್ಪ ಗ್ಯಾಸ್ಕೆಟ್; ಪೋರ್ಟಾಫಿಲ್ಟರಿನ ಹಿಡಿ ಮೊದಲು ನೇರ ಮುಂದಕ್ಕೆ ನಿಲ್ಲುತ್ತಿದ್ದದ್ದು ಈಗ ಬಲಕ್ಕೆ ಸರಿದು ಹೋಗುತ್ತಿದ್ದರೆ ಅದು ಸವೆದಿದೆ ಎಂದೇ ತಿಳಿಯಿರಿ. ಗ್ರೂಪು ಬಾಯ್ಲರಿಗೆ ಕೂಡುವ ಸಂದಿಯಲ್ಲಿ ಬಿಳಿ ಕಲೆ ಕಟ್ಟಿದ್ದರೆ ಆ ಸಂದಿಯ ಗ್ಯಾಸ್ಕೆಟ್.

ಸೀಲು ತರಿಸುವ ಮುನ್ನ ಅಳತೆ ನೋಡಿ. ಸುಮಾರು 2000ನೇ ಇಸವಿಗೆ ಮುಂಚಿನ ಯಂತ್ರಗಳ ಬಾಸ್ಕೆಟ್ (ಪುಡಿ ಹಾಕುವ ತೂತುಗಳ ಬಟ್ಟಲು) 49 ಮಿ.ಮೀ., ಅನಂತರದವು 51 ಮಿ.ಮೀ. ಒಂದರ ಸೀಲು ಇನ್ನೊಂದಕ್ಕೆ ಹೊಂದುವುದಿಲ್ಲ. ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ವರ್ನಿಯರ್ ಕ್ಯಾಲಿಪರಿನಿಂದ ಅಳೆದೇ ಆರ್ಡರ್ ಮಾಡಿ. ಪಿಸ್ಟನ್ನಿನ ಎರಡು, ಸರಳಿನ ಒಂದು, ಗ್ರೂಪಿನ ಗ್ಯಾಸ್ಕೆಟ್ ಒಂದು, ಇಷ್ಟನ್ನೂ ಒಟ್ಟಿಗೆ ತರಿಸಿದರೆ ಬಿಚ್ಚುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಈಗ ಕೆಲಸ. ಪ್ಲಗ್ ಕಿತ್ತು, ಯಂತ್ರ ಪೂರ್ತಿ ತಣ್ಣಗಾಗಲಿ. ಹಬೆಯ ತಿರುಪು ತೆರೆದು ಸದ್ದೇ ಇಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಬಾಯ್ಲರಿನ ಮುಚ್ಚಳ ಬಿಚ್ಚಿ ನೀರು ಚೆಲ್ಲಿ. ಜರಡಿಯನ್ನೂ ಗ್ರೂಪಿನ ಗ್ಯಾಸ್ಕೆಟ್ಟನ್ನೂ ದಬ್ಬಣದಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ. ಲಿವರಿನ ಪಿನ್ನುಗಳ ತುದಿಯಲ್ಲಿರುವ ಸಣ್ಣ ಕ್ಲಿಪ್ಪುಗಳನ್ನು ತೆಗೆದು, ಪಿನ್ನು ತಳ್ಳಿ, ಲಿವರ್ ಬಿಡಿಸಿಕೊಳ್ಳಿ. ಆ ಕ್ಲಿಪ್ಪುಗಳು ಹಾರಿ ಕಳೆದುಹೋಗುವುದೇ ಹೆಚ್ಚು, ಹಾಗಾಗಿ ತೆಗೆಯುವಾಗ ಮೇಲೊಂದು ಬಟ್ಟೆ ಹಿಡಿಯಿರಿ. ಆಮೇಲೆ ಸರಳನ್ನು ಮೇಲಿನಿಂದ ಒತ್ತಿದರೆ ಪಿಸ್ಟನ್ ಕೆಳಗಿನಿಂದ ಹೊರಬರುತ್ತದೆ.

ಹಳೆಯ ಸೀಲು ಬಿಚ್ಚುವ ಮೊದಲು ಫೋಟೊ ತೆಗೆದಿಡಿ. ಈ ಸೀಲುಗಳಿಗೆ ಒಂದು ಬದಿಯಲ್ಲಿ ಬಟ್ಟಲಿನ ಹಾಗೆ ಬಾಯಿ ಇರುತ್ತದೆ. ಕೆಳಗಿನದರ ಬಾಯಿ ಕೆಳಕ್ಕೆ, ಕಾಫಿಯ ಕಡೆಗೆ. ಮೇಲಿನದರ ಬಾಯಿ ಮೇಲಕ್ಕೆ. ಒತ್ತಡ ಆ ಬಾಯೊಳಗೆ ನುಗ್ಗಿ ಅಂಚನ್ನು ಗೋಡೆಗೆ ಅಗಲಿಸಿ ಒತ್ತುವುದರಿಂದಲೇ ಸೋರಿಕೆ ನಿಲ್ಲುವುದು. ಕೆಳಗಿನದನ್ನು ತಿರುಗಾಮುರುಗಾ ಹಾಕಿದರೆ ಹೊಸ ಸೀಲು ಹಳೆಯದಕ್ಕಿಂತ ಹೆಚ್ಚು ಸೋರುತ್ತದೆ. ಬಿಚ್ಚಲು ಸ್ಕ್ರೂಡ್ರೈವರ್ ಬೇಡ, ಮರದ ಕಡ್ಡಿ ಸಾಕು; ಪಿಸ್ಟನ್ನಿನ ಮೇಲೆ ಬಿದ್ದ ಗೀರು ಜೀವನಪೂರ್ತಿ ನೀರು ಬಿಡುತ್ತದೆ.

ಹೊಸ ಸೀಲುಗಳನ್ನು ಐದು ನಿಮಿಷ ಬಿಸಿನೀರಿನಲ್ಲಿ ನೆನೆಸಿದರೆ ಮೆತ್ತಗಾಗಿ ಸುಲಭವಾಗಿ ಕೂರುತ್ತವೆ. ಆಹಾರಕ್ಕೆ ಒಪ್ಪುವ ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರಿ. ಪಿಸ್ಟನ್ ಒಳಗೆ ತಳ್ಳುವಾಗ ಸೀಲಿನ ಅಂಚು ಮಡಚಿಕೊಳ್ಳುವ ಅಪಾಯವಿದೆ. ತುಸು ತಿರುಗಿಸುತ್ತ, ಹಳೆಯ ಎಟಿಎಂ ಕಾರ್ಡಿನಂಥ ಮೊಂಡು ಪ್ಲಾಸ್ಟಿಕ್ಕಿನಿಂದ ಅಂಚನ್ನು ಸುತ್ತಲೂ ಒಳಸರಿಸುತ್ತ ಹೋಗಿ, ಬಲ ಹಾಕಬೇಡಿ. ಎಲ್ಲ ಜೋಡಿಸಿದ ಮೇಲೆ ತಣ್ಣೀರು ತುಂಬಿ ಏಳೆಂಟು ಸಲ ಲಿವರ್ ಆಡಿಸಿ ನೋಡಿ, ಆನಂತರ ಬಿಸಿ ಮಾಡಿ. ಹೊಸ ಸೀಲಿಗೂ ಸೋರಿಕೆ ನಿಲ್ಲದಿದ್ದರೆ ಪಿಸ್ಟನ್ ಓಡಾಡುವ ಒಳಗೋಡೆಯನ್ನು ಟಾರ್ಚ್ ಬಿಟ್ಟು ನೋಡಿ. ಉದ್ದನೆಯ ಗೀರು ಉಗುರಿಗೆ ಸಿಕ್ಕಿದರೆ ಆ ಒಳಗೋಡೆಯ ಕೊಳವೆಯನ್ನೇ (ಸ್ಲೀವ್) ಬದಲಿಸಬೇಕು.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಕೆಟಲಿನಲ್ಲಿ ವಾರಕ್ಕೇ ಬಿಳಿ ಪೊರೆ ಕಟ್ಟುತ್ತದೆ. ಆರ್‌ಓ ನೀರು ಹಾಕಿದರೆ ಯಂತ್ರ ಕೆಡುತ್ತದೆ ಅಂತಲೂ ಕೇಳಿದ್ದೇನೆ. ಯಾವುದನ್ನು ಹಾಕಲಿ? ಈಗಾಗಲೇ ಕಟ್ಟಿರುವ ಪೊರೆ ತೆಗೆಯುವುದು ಹೇಗೆ? (ಬೆಂಗಳೂರು, ವೈಟ್‌ಫೀಲ್ಡ್)

ಉತ್ತರ: ಲಿವರ್ ಯಂತ್ರದ ಆಯುಷ್ಯ ನಿರ್ಧಾರವಾಗುವುದು ನೀರಿನಿಂದ. ಆದ್ದರಿಂದ ತುಸು ಉದ್ದವಾಗಿಯೇ ಬರೆಯುತ್ತಿದ್ದೇವೆ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ (ಪೊರೆ ಕಟ್ಟುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ) ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ಕುಡಿಯುವವರಿಗೆ ಅದು ಸರಿ. ಎಸ್ಪ್ರೆಸೊ ಬಾಯ್ಲರಿಗೆ 90 ದಾಟಿದರೂ ನಿಧಾನವಾಗಿ ಪೊರೆ ಶುರುವಾಗುತ್ತದೆ. ಟಿಡಿಎಸ್ ಮೀಟರಿನ ಅಂಕಿಯನ್ನು ಗಡಸುತನ ಎಂದುಕೊಳ್ಳಬೇಡಿ, ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಹೇಳುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಜಿಎಚ್ (ಒಟ್ಟು ಗಡಸುತನ) ಹನಿ ಪರೀಕ್ಷೆಯ ಕಿಟ್ ತನ್ನಿ. ಹೆಚ್ಚಿನ ಕಿಟ್ಟುಗಳಲ್ಲಿ 5 ಮಿ.ಲೀ. ನೀರಿಗೆ ಒಂದೊಂದೇ ಹನಿ ಹಾಕಿ ಎಣಿಸುವುದು. ಬಣ್ಣ ಬದಲಾಗಲು ಬೇಕಾದ ಹನಿಗಳ ಸಂಖ್ಯೆಯೇ ಡಿಗ್ರಿ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ಮೂರರಿಂದ ಐದು ಹನಿ ಬಂದರೆ ರುಚಿಗೂ ಯಂತ್ರಕ್ಕೂ ಹಿತ. ಹದಿನೈದು ಹನಿ ಬಂದರೆ ಆ ನೀರನ್ನು ಯಂತ್ರದ ಹತ್ತಿರವೂ ಒಯ್ಯಬೇಡಿ.

ಆರ್‌ಓ ಬಗ್ಗೆ ನೀವು ಕೇಳಿದ್ದು ಅರ್ಧ ನಿಜ. ಪೂರಾ ಲವಣ ತೆಗೆದ ನೀರಿನಲ್ಲಿ ಆಮ್ಲವನ್ನು ತಡೆಯುವ ಬೈಕಾರ್ಬೊನೇಟ್ ಇರುವುದಿಲ್ಲ. ಅಂಥ ನೀರು ಲೋಹವನ್ನು ಮೆಲ್ಲಗೆ ಕೊರೆಯುತ್ತದೆ, ಕಾಫಿಯೂ ಹುಳಿಹುಳಿಯಾಗುತ್ತದೆ. ನೀರಿನ ಮಟ್ಟವನ್ನು ವಿದ್ಯುತ್ ಕಡ್ಡಿಯಿಂದ ಅರಿಯುವ ದೊಡ್ಡ ಯಂತ್ರಗಳು ಶುದ್ಧ ನೀರನ್ನು ಗುರುತಿಸದೆ ಗೊಂದಲಕ್ಕೆ ಬೀಳುವುದೂ ಉಂಟು. ಮನೆಯ ಸಣ್ಣ ಲಿವರ್ ಯಂತ್ರಗಳಲ್ಲಿ ಆ ಕಡ್ಡಿ ಸಾಮಾನ್ಯವಾಗಿ ಇರುವುದಿಲ್ಲ.

ನಾವು ಮೆಚ್ಚುವ ದಾರಿ ಇದು. 10 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟನ್ನು 1 ಲೀಟರ್ ಆರ್‌ಓ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. ಬಳಸುವಾಗ ಪ್ರತಿ ಲೀಟರ್ ಆರ್‌ಓ ನೀರಿಗೆ ಈ ದ್ರಾವಣ 10 ಮಿ.ಲೀ. ಹಾಕಿ. ಲೀಟರಿಗೆ 100 ಮಿಲಿಗ್ರಾಂ ಸೇರಿದಂತಾಯಿತು. ಕ್ಯಾಲ್ಸಿಯಂ ಇಲ್ಲದಿರುವುದರಿಂದ ಪೊರೆ ಕಟ್ಟುವುದಿಲ್ಲ, ಬೈಕಾರ್ಬೊನೇಟ್ ಇರುವುದರಿಂದ ಲೋಹಕ್ಕೆ ರಕ್ಷಣೆ. ಅದು ಸಿಗದಿದ್ದರೆ ಅಡುಗೆ ಸೋಡಾ ಆದೀತು. 10 ಗ್ರಾಂ ಬದಲು 8.4 ಗ್ರಾಂ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬೇಡಿ. ಇಷ್ಟೆಲ್ಲ ಬೇಡ ಎನ್ನುವವರು ಆರ್‌ಓ ನೀರಿಗೆ ಸ್ವಲ್ಪ ನಲ್ಲಿ ನೀರು ಬೆರೆಸಿ, ಹನಿ ಪರೀಕ್ಷೆಯಲ್ಲಿ ಮೂರು ಬರುವಂತೆ ನೋಡಿಕೊಂಡರೂ ಸಾಕು.

ಕಟ್ಟಿದ ಪೊರೆಗೆ ಸಿಟ್ರಿಕ್ ಆಮ್ಲ, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು. 0.8 ಲೀಟರಿನ ಬಾಯ್ಲರಿಗೆ 20 ಗ್ರಾಂ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ ತುಂಬಿ, ಸ್ವಿಚ್ ಹಾಕಿ 50–60 ಡಿಗ್ರಿಗೆ ಬಂದಾಗ ಆರಿಸಿ. ಮುಚ್ಚಳ ಸಡಿಲವಾಗಿರಲಿ, ಅನಿಲ ಹೊರಹೋಗಬೇಕು. ಕುದಿಸಬೇಡಿ: ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಏರಿದಷ್ಟೂ ಕಡಿಮೆ ಕರಗುತ್ತದೆ, ಕುದಿಸಿದರೆ ಕರಗಿದ್ದೇ ಬಿಳಿ ಹುಡಿಯಾಗಿ ತಿರುಗಿ ಕೂರುತ್ತದೆ. 20ರಿಂದ 30 ನಿಮಿಷ ಬಿಟ್ಟು ಚೆಲ್ಲಿ. ನೊರೆ ಇನ್ನೂ ಏಳುತ್ತಿದ್ದರೆ ಹೊಸ ದ್ರಾವಣ ಹಾಕಿ ಮತ್ತೊಮ್ಮೆ ಮಾಡಿ. ಒಂದೇ ದ್ರಾವಣವನ್ನು ರಾತ್ರಿಯಿಡೀ ಬಿಡಬೇಡಿ. ಆಮ್ಲ ಹಿತ್ತಾಳೆಯೊಳಗಿನ ಸತುವನ್ನು ಎಳೆದುಕೊಂಡು ನಸುಗೆಂಪು ತಾಮ್ರದ ಮಚ್ಚೆ ಉಳಿಸುತ್ತದೆ. ಕೊನೆಗೆ ಮೂರು ಸಲ ತೊಳೆದು, ನಾಲ್ಕನೆಯ ನೀರನ್ನು ಪೂರ್ಣ ಒತ್ತಡಕ್ಕೆ ತಂದು ಗ್ರೂಪಿನಿಂದಲೂ ಹಬೆ ಕೊಳವೆಯಿಂದಲೂ ಹೊರಬಿಡಿ. ಗ್ರೂಪಿನೊಳಗಿನ ಪೊರೆಗೆ ಸೀಲು ಬದಲಿಸುವ ದಿನ ಬಿಡಿಭಾಗಗಳನ್ನು ಇದೇ ದ್ರಾವಣದಲ್ಲಿ ನೆನೆಸುವುದೇ ಉತ್ತಮ. ವಿನಿಗರ್ ಬೇಡ, ಅದರ ವಾಸನೆ ರಬ್ಬರಿನಲ್ಲಿ ಕೂತುಬಿಡುತ್ತದೆ.

ಪ್ರಶ್ನೆ: ಲಿವರ್ ಒತ್ತಿದರೆ ಕೈಗೆ ಬಿಗಿಯೇ ಇಲ್ಲ, ಸರ್ರನೆ ಇಳಿಯುತ್ತದೆ. ಕಾಫಿ ತೆಳ್ಳಗೆ, ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಮನೆಯ ಫಿಲ್ಟರ್ ಕಾಫಿ ಪುಡಿಯನ್ನೇ ಹಾಕುತ್ತಿದ್ದೇನೆ. (ಶಿವಮೊಗ್ಗ)

ಉತ್ತರ: ಲಿವರಿಗೆ ಬಿಗಿ ಕೊಡುವುದು ಯಂತ್ರವಲ್ಲ, ಬಾಸ್ಕೆಟ್ಟಿನಲ್ಲಿ ಒತ್ತಿ ಕೂರಿಸಿದ ಪುಡಿಯ ಬಿಲ್ಲೆ. ಡಿಕಾಕ್ಷನ್ನಿಗೆ ಬೀಸಿದ ಪುಡಿ ಎಸ್ಪ್ರೆಸೊಗೆ ತರಿ ಹೆಚ್ಚು. ಅದರಲ್ಲಿ ಚಿಕೋರಿ ಬೆರೆತಿದ್ದರೆ ಇನ್ನೊಂದು ತೊಂದರೆ ಇದೆ. ಚಿಕೋರಿ ನೆಂದಾಗ ಅಂಟಂಟಾಗಿ ಬಿಲ್ಲೆಯ ಒಂದು ಭಾಗವನ್ನು ಕಟ್ಟಿಹಾಕುತ್ತದೆ, ನೀರು ಇನ್ನೊಂದು ಭಾಗದಿಂದ ತೂತು ಕೊರೆದು ಓಡುತ್ತದೆ. ಅಂಟು ಜರಡಿಗೂ ಸೀಲಿಗೂ ಹಿಡಿಯುತ್ತದೆ. ಫಿಲ್ಟರಿಗೆ ಚಿಕೋರಿ ಸೊಗಸು, ಈ ಯಂತ್ರಕ್ಕೆ ಬರೀ ಕಾಫಿಯೇ ಆಗಬೇಕು.

ಬೀಜ ತಂದು ಬರ್ (ಅರೆಯುವ ಹಲ್ಲಿನ ಬಿಲ್ಲೆಗಳು) ಇರುವ ಗ್ರೈಂಡರಿನಲ್ಲಿ ಬೇಕಾದಾಗಲೇ ಬೀಸಿಕೊಳ್ಳಿ. ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್ ಧಾರಾಳ ಸಾಕು. ಮಿಕ್ಸಿ ಜಾರು ಬೀಜವನ್ನು ಕತ್ತರಿಸಿ ಧೂಳು, ತರಿ ಎರಡನ್ನೂ ಒಟ್ಟಿಗೆ ಕೊಡುತ್ತದೆ, ಅದರಿಂದ ಕೆಲಸವಾಗದು. 14 ಗ್ರಾಂ ಪುಡಿಗೆ ಕಪ್ಪಿನಲ್ಲಿ 28 ಗ್ರಾಂ ಕಾಫಿ, ಒತ್ತಲು ಶುರು ಮಾಡಿದಾಗಿನಿಂದ 25ರಿಂದ 35 ಸೆಕೆಂಡು: ಇದನ್ನು ಆರಂಭದ ಗುರಿಯಾಗಿಟ್ಟುಕೊಳ್ಳಿ. ಬೇಗ ಮುಗಿದರೆ ಇನ್ನೂ ನುಣ್ಣಗೆ, ಹನಿಯೇ ಬೀಳದಿದ್ದರೆ ತುಸು ತರಿಯಾಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೀಸುವ ಹದವನ್ನೂ ಪುಡಿಯ ತೂಕವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಬಾಸ್ಕೆಟ್ಟಿಗೆ ಹಾಕಿದ ಪುಡಿಯನ್ನು 0.4 ಮಿ.ಮೀ. ಸೂಜಿಯಿಂದ ತಳದವರೆಗೂ ಕೆದಕಿ ಗಂಟು ಒಡೆಯಿರಿ, ಆಮೇಲೆ ಟ್ಯಾಂಪರಿನಿಂದ ಒತ್ತಿ. ಎಷ್ಟು ಬಲ ಎನ್ನುವುದಕ್ಕಿಂತ ಮಟ್ಟಸವಾಗಿ ಒತ್ತುವುದು ಮುಖ್ಯ. ಲಿವರ್ ಎತ್ತಿ ನೀರು ಒಳಬಿಟ್ಟ ಮೇಲೆ ಕೂಡಲೇ ಜಗ್ಗಬೇಡಿ. ಐದರಿಂದ ಹತ್ತು ಸೆಕೆಂಡು ಪುಡಿ ನೆನೆಯಲಿ, ಮೊದಲ ಹನಿ ಕಂಡಮೇಲೆ ಬಲ ಏರಿಸಿ, ಕೊನೆಯಲ್ಲಿ ಸಡಿಲಿಸಿ. ಕೈಯಿಂದ ಹೀಗೆ ಏರಿಳಿಸಬಹುದಾದದ್ದೇ ಈ ಯಂತ್ರದ ದೊಡ್ಡ ಸುಖ.

ನುಣ್ಣಗೆ ಬೀಸಿದರೂ ಲಿವರ್ ಜಾರಿದರೆ ಸೀಲನ್ನು ಅನುಮಾನಿಸಿ. ಬಾಸ್ಕೆಟ್ಟಿಗೆ ಪುಡಿಯ ಬದಲು ತೂತಿಲ್ಲದ ರಬ್ಬರ್ ಬಿಲ್ಲೆ ಇಟ್ಟು, ನೀರು ಒಳಬಿಟ್ಟು, ಹದವಾಗಿ ಒತ್ತಿ ಹಿಡಿಯಿರಿ. ಸ್ವಲ್ಪ ಇಳಿದು ನಿಂತರೆ ಸೀಲು ಗಟ್ಟಿ. ನಿಲ್ಲದೆ ಇಳಿಯುತ್ತಲೇ ಹೋದರೆ ನೀರು ಪಿಸ್ಟನ್ ದಾಟುತ್ತಿದೆ. ಪರೀಕ್ಷೆ ಮುಗಿದ ಮೇಲೆ ಒಳಗೆ ಒತ್ತಡ ಉಳಿದಿರುತ್ತದೆ, ಪೋರ್ಟಾಫಿಲ್ಟರ್ ತೆಗೆಯುವ ಮುನ್ನ ಲಿವರನ್ನು ಕೈಯಲ್ಲಿ ಹಿಡಿದೇ ಮೆಲ್ಲಗೆ ಮೇಲೆ ಬಿಡಿ; ಬಾಯ್ಲರ್ ಯಂತ್ರವಾದರೆ ಆರಿಸಿ, ಹಬೆ ಪೂರ್ತಿ ಬಿಟ್ಟ ಮೇಲೆಯೇ ತೆಗೆಯಿರಿ.

ಪ್ರಶ್ನೆ: ಅಮೆರಿಕದಿಂದ ವಾಪಸಾಗುವಾಗ 120 ವೋಲ್ಟಿನ ಲಿವರ್ ಯಂತ್ರ ತಂದಿದ್ದೇವೆ. ಪ್ಲಗ್ ಬದಲಿಸಿದರೆ ಸಾಕಲ್ಲವೇ? (ಬೆಂಗಳೂರು, ಜಯನಗರ)

ಉತ್ತರ: ಸಾಲದು, ದಯವಿಟ್ಟು ಹಾಗೆ ಸ್ವಿಚ್ ಹಾಕಬೇಡಿ. ವೋಲ್ಟೇಜ್ ಹೆಚ್ಚು ಕಡಿಮೆ ಎರಡು ಪಟ್ಟಾದರೆ ಕಾಯಿಲ್ ಎಳೆಯುವ ವಿದ್ಯುತ್ ಶಕ್ತಿ ಮೂರೂವರೆ ಪಟ್ಟಿಗೂ ಮೀರುತ್ತದೆ. 1000 ವಾಟಿನ ಕಾಯಿಲ್ ನಮ್ಮ 230 ವೋಲ್ಟಿನಲ್ಲಿ ಸುಮಾರು 3670 ವಾಟ್ ಆಗಿ ಸುಟ್ಟುಹೋಗುತ್ತದೆ.

ಎರಡು ದಾರಿಗಳಿವೆ. ಒಂದು, 1500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. 1000 ವಿಎಯದ್ದು ಲೆಕ್ಕಕ್ಕೆ ಸರಿ ಕಂಡರೂ ಬಿಸಿಯಾಗುತ್ತದೆ. ಅರ್ತ್ ತಂತಿ ಟ್ರಾನ್ಸ್‌ಫಾರ್ಮರಿನ ಆಚೆಗೂ ಮುಂದುವರಿದಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಇನ್ನೊಂದು, ಅದೇ ಮಾದರಿಯ 230 ವೋಲ್ಟಿನ ಕಾಯಿಲ್ ತರಿಸಿ ಬದಲಿಸುವುದು. ಜೊತೆಗೆ ಸೂಚಕ ದೀಪವನ್ನೂ ಬದಲಿಸಬೇಕು. ಶಾಶ್ವತವಾಗಿ ಇಲ್ಲೇ ಇರುವವರಿಗೆ ಎರಡನೆಯದೇ ಮೇಲು. ಕಾಯಿಲ್ ಬಂದಾಗ ಮಲ್ಟಿಮೀಟರಿನಿಂದ ಅಳೆಯಿರಿ: 1000 ವಾಟಿನದು 230 ವೋಲ್ಟಿನದಾದರೆ 53 ಓಮ್ ಆಸುಪಾಸು, 120 ವೋಲ್ಟಿನದಾದರೆ 14 ಓಮ್. 50 ಹರ್ಟ್ಸ್, 60 ಹರ್ಟ್ಸ್ ವ್ಯತ್ಯಾಸ ಕಾಯಿಲಿಗೆ ತಾಗುವುದಿಲ್ಲ.

ಪ್ರಶ್ನೆ: ಬಾಯ್ಲರ್ ಇಲ್ಲದ ಲಿವರ್ ಯಂತ್ರ ಇದೆ. ನಮ್ಮದೇ ತೋಟದ ಅರೇಬಿಕಾವನ್ನು ಹದವಾಗಿ, ತಿಳಿಯಾಗಿ ಹುರಿಸಿ ತಂದರೆ ಎಸ್ಪ್ರೆಸೊ ಹುಳಿಯಾಗುತ್ತದೆ. ನೀರು ಕುದಿಯುತ್ತಿರುವಾಗಲೇ ಸುರಿಯುತ್ತೇನೆ. (ಮಡಿಕೇರಿ)

ಉತ್ತರ: ಮೊದಲು ಸೆಕೆಂಡು ಎಣಿಸಿ. 20 ಸೆಕೆಂಡಿಗಿಂತ ಬೇಗ ಇಳಿದರೆ ಹುಳಿಗೆ ಕಾರಣ ಬೀಸುವ ಹದ. ಅದು ಸರಿಯಿದ್ದೂ ಹುಳಿ ಉಳಿದರೆ ಶಾಖದ ಕಡೆ ಬನ್ನಿ.

ನೀವು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದ್ದೀರಿ. 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಮಡಿಕೇರಿಯಲ್ಲಿ ನೀರು ಕುದಿಯುವುದೇ 96ರಲ್ಲಿ, ಬೆಂಗಳೂರಿನಲ್ಲಿ 97ರಲ್ಲಿ. ಆ ನೀರು ತಣ್ಣನೆಯ ಉಕ್ಕಿನ ಸಿಲಿಂಡರಿಗೆ ಬಿದ್ದ ಕೂಡಲೇ ಹತ್ತು ಡಿಗ್ರಿ ಕಳೆದುಕೊಂಡರೂ ಆಶ್ಚರ್ಯವಿಲ್ಲ. ತಿಳಿ ಹುರಿದ ಬೀಜಕ್ಕೆ ಬೇಕಾದದ್ದು 93ಕ್ಕಿಂತ ಮೇಲೆ. ಮಂಗಳೂರಿನಲ್ಲಿ ಇದೇ ಯಂತ್ರ ಬಳಸುವವರಿಗೆ ಇರುವ ನಾಲ್ಕು ಡಿಗ್ರಿಯ ಅನುಕೂಲ ನಿಮಗಿಲ್ಲ, ಆದ್ದರಿಂದ ಬಿಸಿ ಕಾಪಾಡುವುದರಲ್ಲಿ ಲೋಭ ತೋರಿಸಬೇಡಿ.

ಸಿಲಿಂಡರನ್ನು ಕುದಿಯುವ ಕೆಟಲಿನ ಬಾಯಿಯ ಹಬೆಯ ಮೇಲೆ ಎರಡು ನಿಮಿಷ ಇಡಿ. ಅಥವಾ ತಳ ಮುಚ್ಚಿ ಕುದಿನೀರು ತುಂಬಿ, ಒಂದು ನಿಮಿಷಕ್ಕೆ ಚೆಲ್ಲಿ, ಮತ್ತೆ ತುಂಬಿ ಚೆಲ್ಲಿ. ಪಿಸ್ಟನ್ನಿನ ತಲೆಯನ್ನೂ ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ, ಹೆಚ್ಚಿನವರು ಅದನ್ನು ಮರೆಯುತ್ತಾರೆ. ಪುಡಿ ಒತ್ತಿ ಸಿದ್ಧವಾಗಿರಬೇಕು, ಕೆಟಲ್ ಆಫ್ ಆಗುವ ಮೊದಲೇ ಸುರಿಯಬೇಕು, ಕೂಡಲೇ ಒತ್ತಬೇಕು. ಸಿಲಿಂಡರನ್ನು ಅಂಚಿನವರೆಗೆ ತುಂಬಿ. ನೀರು ಹೆಚ್ಚಿದ್ದಷ್ಟೂ ಶಾಖ ನಿಲ್ಲುತ್ತದೆ, ನಡುವೆ ಗಾಳಿ ಕಡಿಮೆಯಾಗಿ ಲಿವರೂ ಸ್ಪಂಜಿನಂತೆ ಆಡುವುದಿಲ್ಲ. ಕಪ್ಪಿನಲ್ಲಿ ಪುಡಿಯ ತೂಕದ ಎರಡು ಪಟ್ಟಿನ ಬದಲು ಎರಡೂವರೆ ಪಟ್ಟು ಇಳಿಸಿ ನೋಡಿ. ಹುರಿದ ಮೇಲೆ ಬೀಜವನ್ನು ಹತ್ತು ಹದಿನಾಲ್ಕು ದಿನ ಬಿಡುವುದೂ ಅಗತ್ಯ. ಹೊಸದಾಗಿ ಹುರಿದದ್ದರಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿರುತ್ತದೆ, ಕೆನೆ ಉಕ್ಕಿ ಬಂದರೂ ರುಚಿ ಇಳಿಯದು. ಮನೆಯಂಗಳದಲ್ಲೇ ಬೆಳೆದ ಬೀಜವನ್ನು ಹೀಗೆ ಸರಿಯಾಗಿ ಇಳಿಸಿ ಕುಡಿಯುವ ಭಾಗ್ಯ ಎಲ್ಲರಿಗೂ ಇಲ್ಲ, ಪ್ರಯತ್ನ ಬಿಡಬೇಡಿ.

ಬಾಯ್ಲರ್ ಯಂತ್ರದವರನ್ನು ಎತ್ತರ ಇಷ್ಟು ಕಾಡುವುದಿಲ್ಲ. ಒತ್ತಡದ ಮೀಟರಿನಲ್ಲಿ 0.8 ಬಾರ್ ಇದ್ದಾಗ ಒಳಗಿನ ನೀರು ಕರಾವಳಿಯಲ್ಲಿ 117 ಡಿಗ್ರಿ, ಬೆಂಗಳೂರಿನಲ್ಲಿ 115ಕ್ಕೆ ತುಸು ಮೇಲೆ.

ಪ್ರಶ್ನೆ: ಮೊದಲ ಎರಡು ಕಪ್ ಚೆನ್ನಾಗಿರುತ್ತವೆ, ನೆಂಟರು ಬಂದಾಗ ಮೂರನೆಯದು, ನಾಲ್ಕನೆಯದು ಸುಟ್ಟ ಕಹಿ. (ಹುಬ್ಬಳ್ಳಿ)

ಉತ್ತರ: ಸಣ್ಣ ಬಾಯ್ಲರಿಗೆ ಅಂಟಿಕೊಂಡ ಗ್ರೂಪು ಪ್ರತಿ ಕಪ್ಪಿಗೂ ಬಿಸಿಯೇರುತ್ತ ಹೋಗುತ್ತದೆ. ಬಾಯ್ಲರಿನ ನೀರು 115 ಡಿಗ್ರಿ ಮೇಲಿರುತ್ತದೆ, ಅದನ್ನು 90ರ ಆಸುಪಾಸಿಗೆ ಇಳಿಸುವುದು ಗ್ರೂಪಿನ ಲೋಹ. ಆ ಲೋಹವೇ ಕಾದರೆ ಇಳಿಸುವವರಿಲ್ಲ. ಗ್ರೂಪಿನ ಹೊರಮೈಗೆ ಅಂಟಿಸಿ ಬಿಸಿ ಎಷ್ಟಿದೆ ಎಂದು ನೋಡುವ ಶಾಖಪಟ್ಟಿ ಸಿಗುತ್ತದೆ. ಕಾಫಿ ಇಳಿಸುವ ಮುನ್ನ ಅದು 80ರಿಂದ 90ರೊಳಗೆ ಇರಲಿ. ಮೇಲೆ ಹೋದರೆ ಪೋರ್ಟಾಫಿಲ್ಟರನ್ನು ನಲ್ಲಿಯ ತಣ್ಣೀರಿನಲ್ಲಿ ಹಿಡಿದು, ಒರೆಸಿ, ಖಾಲಿಯಾಗಿಯೇ ಗ್ರೂಪಿಗೆ ಸಿಕ್ಕಿಸಿ ಒಂದು ನಿಮಿಷ ಬಿಡಿ. ಅದು ಬಿಸಿ ಹೀರಿಕೊಳ್ಳುತ್ತದೆ. ಒದ್ದೆ ಬಟ್ಟೆ ಸುತ್ತಿದರೂ ಆಗುತ್ತದೆ. ಮೊದಲ ಕಪ್ಪಿಗೆ ಮುಂಚೆ ಅರ್ಧ ಗಂಟೆ ಕಾಯಿಸಿಡುವ ಅಭ್ಯಾಸವಿದ್ದರೆ ಬಿಡಿ, ಒತ್ತಡ ಬಂದು ಐದು ನಿಮಿಷಕ್ಕೆ ಶುರು ಮಾಡಬಹುದು. ಕಾದ ಬಾಯ್ಲರಿಗೆ ನಡುವೆ ನೀರು ಸೇರಿಸಲು ಮುಚ್ಚಳ ತೆರೆಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಆರಿಸಿ, ಹಬೆ ಪೂರ್ತಿ ಬಿಟ್ಟು, ಮೀಟರ್ ಸೊನ್ನೆಗೆ ಬಂದ ಮೇಲೆಯೇ.

ಪ್ರಶ್ನೆ: ಮೀಟರಿನಲ್ಲಿ ಒತ್ತಡ ತೋರಿಸುತ್ತದೆ, ಹಬೆ ಬಿಟ್ಟರೆ ಎರಡು ಸೆಕೆಂಡಿಗೆ ಸುಸ್ತು. (ಮಂಗಳೂರು)

ಉತ್ತರ: ಒಳಗೆ ಸಿಕ್ಕಿಬಿದ್ದ ಗಾಳಿ ಅದು. ಗಾಳಿ ಕಾದು ಹಿಗ್ಗಿ ಒತ್ತಡ ತೋರಿಸುತ್ತದೆ, ಪ್ರೆಷರ್‌ಸ್ಟಾಟ್ (ಒತ್ತಡ ನೋಡಿ ಕಾಯಿಲ್ ಆರಿಸುವ ಸ್ವಿಚ್) ಮೋಸ ಹೋಗಿ ಕಾಯಿಲನ್ನು ಆರಿಸುತ್ತದೆ, ನೀರು ಬೇಕಾದಷ್ಟು ಕಾದಿರುವುದಿಲ್ಲ. ಮುಳ್ಳು 0.5 ಬಾರ್ ಮುಟ್ಟಿದಾಗ ಹಬೆಯ ತಿರುಪನ್ನು ಹತ್ತು ಸೆಕೆಂಡು ತೆರೆದು ಮುಚ್ಚಿ, ಮತ್ತೊಮ್ಮೆ ಹಾಗೇ ಮಾಡಿ. ಆಮೇಲೆ ನಿಲ್ಲುವ 0.7–0.8 ಬಾರ್ ನಿಜವಾದ ಹಬೆಯದ್ದು. ಹಾಲು ನೊರೆಗಟ್ಟಿಸಿದ ಮೇಲೆಯೂ ತಿರುಪನ್ನು ಒಮ್ಮೆ ತೆರೆದು ಬಿಡಿ. ಕೊಳವೆಯನ್ನು ಹಾಲಿನಲ್ಲೇ ಬಿಟ್ಟು ಯಂತ್ರ ಆರಿಸಿದರೆ ಬಾಯ್ಲರ್ ತಣಿಯುವಾಗ ಹಾಲನ್ನು ಒಳಗೆಳೆದುಕೊಳ್ಳುತ್ತದೆ, ಅದರ ವಾಸನೆ ತೆಗೆಯುವುದು ದೊಡ್ಡ ಶ್ರಮ.

ಪ್ರಶ್ನೆ: ಲಿವರ್ ಕಿರುಗುಟ್ಟುತ್ತದೆ. ತೆಂಗಿನೆಣ್ಣೆ ಹಾಕಬಹುದೇ? (ಉಡುಪಿ)

ಉತ್ತರ: ಬೇಡ. ಎಣ್ಣೆ ಬಿಸಿಗೆ ಕಮಟು ಹಿಡಿಯುತ್ತದೆ, ಸೀಲಿನ ರಬ್ಬರನ್ನೂ ಊದಿಸುತ್ತದೆ. ಪೆಟ್ರೋಲಿಯಂ ಜೆಲ್ಲಿಯೂ ಹಾಗೆಯೇ. ಆಹಾರಕ್ಕೆ ಒಪ್ಪುವ ಸಿಲಿಕೋನ್ ಗ್ರೀಸನ್ನು ಪಿನ್ನುಗಳಿಗೆ, ಪಿಸ್ಟನ್ನಿನ ಸರಳಿಗೆ ಅಕ್ಕಿಕಾಳಿನಷ್ಟು ಆರು ತಿಂಗಳಿಗೊಮ್ಮೆ ಹಚ್ಚಿ. ಒಂದು ಎಚ್ಚರಿಕೆ: ಬಾಯ್ಲರ್ ಇಲ್ಲದ ಕೆಲವು ಯಂತ್ರಗಳ ಸೀಲು ಸ್ವತಃ ಸಿಲಿಕೋನ್ ರಬ್ಬರ್. ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಉಬ್ಬುತ್ತದೆ, ನೀರಿನಿಂದ ಒದ್ದೆ ಮಾಡಿದರೆ ಸಾಕು.

ಪ್ರಶ್ನೆ: ಸ್ಪ್ರಿಂಗ್ ಲಿವರ್ ಕೈಯಿಂದ ಜಾರಿ ರಪ್ಪನೆ ಮೇಲಕ್ಕೆ ಹಾರಿತು. ಮತ್ತೆ ಹಾಗಾಗದಂತೆ ಏನು ಮಾಡಲಿ? (ಲಂಡನ್)

ಉತ್ತರ: ಸ್ಪ್ರಿಂಗ್ ಯಂತ್ರದಲ್ಲಿ ಲಿವರ್ ಇಳಿಸುವುದೆಂದರೆ ಸ್ಪ್ರಿಂಗನ್ನು ಅದುಮುವುದು. ಅದನ್ನು ಮೆಲ್ಲಗೆ ಬಿಚ್ಚುವಂತೆ ತಡೆಯುವುದು ಪಿಸ್ಟನ್ನಿನ ಕೆಳಗಿನ ನೀರು ಮತ್ತು ಪುಡಿ. ಪುಡಿ ತರಿಯಾಗಿದ್ದರೆ, ನೀರು ತುಂಬಿರದಿದ್ದರೆ, ಪೋರ್ಟಾಫಿಲ್ಟರೇ ಇಲ್ಲದಿದ್ದರೆ ತಡೆ ಇಲ್ಲ, ಲಿವರ್ ಗದ್ದಕ್ಕೆ ಬಡಿಯುವಷ್ಟು ಜೋರಾಗಿ ಏಳುತ್ತದೆ. ಮುಖ ಲಿವರಿನ ದಾರಿಯಿಂದ ಪಕ್ಕಕ್ಕಿರಲಿ. ಕೈಗೆ ಬಿಗಿ ತಿಳಿದು ಲಿವರ್ ತಾನೇ ನಿಧಾನವಾಗಿ ಏಳತೊಡಗುವವರೆಗೆ ಹಿಡಿತ ಬಿಡಬೇಡಿ. ಈ ಗ್ರೂಪನ್ನು ಬಿಚ್ಚುವ ಕೆಲಸಕ್ಕೆ ಸ್ಪ್ರಿಂಗ್ ಅದುಮಿ ಹಿಡಿಯುವ ಸಾಧನ ಇರುವವರೇ ಆಗಬೇಕು.

ಪ್ರಶ್ನೆ: ಅಟ್ಟದ ಮೇಲಿದ್ದ ಯಂತ್ರವನ್ನು ವರ್ಷಗಳ ಮೇಲೆ ಇಳಿಸಿ ಸ್ವಿಚ್ ಹಾಕಿದರೆ ಮನೆಯ ಆರ್‌ಸಿಸಿಬಿ (ಸೋರಿಕೆ ಕಂಡರೆ ವಿದ್ಯುತ್ ಕಡಿಯುವ ಸ್ವಿಚ್) ಬೀಳುತ್ತದೆ. (ಬೆಳಗಾವಿ)

ಉತ್ತರ: ಕಾಯಿಲಿನ ಒಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ಸುಮ್ಮನೆ ಇಟ್ಟ ವರ್ಷಗಳಲ್ಲಿ ತೇವ ಎಳೆದುಕೊಂಡಿರಬಹುದು. ಆಗ ಸ್ವಲ್ಪ ವಿದ್ಯುತ್ ಅರ್ತಿಗೆ ಸೋರಿ ಆರ್‌ಸಿಸಿಬಿ ತನ್ನ ಕೆಲಸ ಮಾಡುತ್ತದೆ. ಅರ್ತ್ ಪಿನ್ನು ಮುರಿದು ಓಡಿಸುವ ಉಪಾಯ ಯಾರೇ ಹೇಳಿದರೂ ಕೇಳಬೇಡಿ. ಲೋಹದ ಮೈಯ ಯಂತ್ರ, ಒದ್ದೆ ಕೈ, ಜೀವಕ್ಕೇ ಅಪಾಯ. ನೀರು ಪೂರ್ತಿ ಚೆಲ್ಲಿ, ಮುಚ್ಚಳ ತೆರೆದು ಎರಡು ಮೂರು ದಿನ ಒಳ್ಳೆಯ ಬಿಸಿಲಿನಲ್ಲಿಡಿ. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಕಾಯಿಲಿನ ತುದಿಗೂ ಯಂತ್ರದ ಮೈಗೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಚ್ಚಿಸಿ. ಒಂದು ಮೆಗಾಓಮಿಗಿಂತ ಮೇಲೆ ತೋರಿಸಿದರೆ ಬಳಸಬಹುದು. ಎಷ್ಟು ಒಣಗಿಸಿದರೂ ಅಂಕಿ ಏರದಿದ್ದರೆ ಕಾಯಿಲಿನ ಹೊರಕವಚ ಎಲ್ಲೋ ಬಿರುಕು ಬಿಟ್ಟಿದೆ, ಬದಲಿಸಲೇಬೇಕು. ಹೊಸದರ ಜೊತೆಗೆ ಅದರ ಗ್ಯಾಸ್ಕೆಟ್ಟನ್ನೂ ತರಿಸಿಕೊಳ್ಳಿ, ಬಿಚ್ಚಿದ ಹಳೆಯದು ಮತ್ತೆ ಸರಿಯಾಗಿ ಕೂರುವುದಿಲ್ಲ.